ಹಲ್ಲಪ್ಪನ ಹೂಂ

ಎಲ್ಲ ಅನಾಹುತಕ್ಕೂ ಕಾರಣ ಒಂದು ಹೂಂ. ಆ ಶನಿವಾರ ಬೆಳಿಗ್ಗೆ ಕೆಲಸಕ್ಕೆ ಹೊರಟ ಹೆಂಡತಿ ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತಾ ಏನೇನೋ ಹೇಳಿದಳು. ಒಳಗೆ ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜುತ್ತಿದ್ದ ಹಲ್ಲಪ್ಪನಿಗೆ "ಸೂಟ್‌ಕೇಸು", "ಗೇಟು", "ಟಿಕೆಟ್ಟು", "ತಡ ಮಾಡ್ಬೇಡಿ" ಎಂಬಿಷ್ಟು ಕೇಳಿಸಿತು. ನಡುವೆ ಇದ್ದದ್ದೆಲ್ಲ ನೀರಿನ ಜೊತೆ ಕೊಚ್ಚಿಹೋಯಿತು. ಮದುವೆಯಾದಾಗಿನಿಂದ ಮಾಡಿಕೊಂಡು ಬಂದ ಹಾಗೆ ಅವನು "ಹೂಂ" ಅಂದ.

ಹಲ್ಲಪ್ಪ ಅವನ ನಿಜವಾದ ಹೆಸರಲ್ಲ. ಕಟ್ಟುಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆಂದು ಹೆಂಡತಿಯ ತಮ್ಮ ಇಟ್ಟ ಅಡ್ಡಹೆಸರು. ದಿನವಿಡೀ ಮೇಣದಲ್ಲಿ ವಸಡು ತಿದ್ದಿ, ಅದರ ಮೇಲೆ ಹಲ್ಲು ಕೂರಿಸಿ, ಯಾರದೋ ಬಾಯಿಗೊಂದು ನಗು ಸಿದ್ಧಮಾಡಿ ಡಬ್ಬಿಯಲ್ಲಿಟ್ಟು ಕಳಿಸುತ್ತಾನೆ. ಆ ನಗುವನ್ನು ನಕ್ಕವರನ್ನು ಮಾತ್ರ ಇದುವರೆಗೆ ಕಂಡಿಲ್ಲ. ಪರದೇಶದ ಬದುಕೇ ಹೀಗೇನೋ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದ್ದುಂಟು. ವಾಸದ ಕಟ್ಟಡದಲ್ಲೂ ಅಷ್ಟೆ. ಮೆಟ್ಟಿಲ ಮೇಲೆ ಯಾರಾದರೂ ಸಿಕ್ಕರೆ "ಚಳಿ ಜಾಸ್ತಿ", "ಹೌದು, ಜಾಸ್ತಿ". ಅಲ್ಲಿಗೆ ಮಾತು ಮುಗಿಯಿತು.

ಹೆಂಡತಿಗೆ ಸಮುದ್ರ ನೋಡುವ ಆಸೆ. ಈ ದೇಶಕ್ಕೆ ಬಂದ ವರ್ಷವೇ ಅಡುಗೆಮನೆಯ ಗೋಡೆಗೆ ಸಮುದ್ರದ ಒಂದು ಚಿತ್ರ ಅಂಟಿಸಿ, ಪಾತ್ರೆ ತೊಳೆಯುವಾಗೆಲ್ಲ ಅದನ್ನೇ ನೋಡುತ್ತಿದ್ದಳು. ಹೊರಡುವ ಹೊತ್ತಿಗೆ ಪ್ರತಿಸಲ ಹಲ್ಲಪ್ಪನಿಗೆ ಏನಾದರೊಂದು ಅಡ್ಡ ಬರುತ್ತಿತ್ತು. ಒಮ್ಮೆ ಲ್ಯಾಬಿನ ಕೆಲಸ, ಒಮ್ಮೆ ಬೆನ್ನುನೋವು, ಒಮ್ಮೆ ಬರೀ ಮರೆವು. "ಈ ಸಲವೂ ತಪ್ಪಿದ್ರೆ ನಾನು ಇನ್ಯಾವತ್ತೂ ಕೇಳಲ್ಲ ಕಣ್ರೀ" ಅಂದಿದ್ದಳು. ಸಿಟ್ಟಿನಲ್ಲಿ ಅಂದಿದ್ದರೆ ಅವನು ಹೆದರುತ್ತಿರಲಿಲ್ಲ. ಬಟ್ಟೆ ಮಡಿಸುತ್ತಾ, ಮೆಲ್ಲಗೆ ಅಂದಿದ್ದಳು.

ಸ್ಟೇಷನ್ ಪಕ್ಕದ ಲಾಂಡ್ರಿಯಲ್ಲಿ ಅರ್ಧ ದಿನದ ಕೆಲಸ ಮುಗಿಸಿ ಅವಳು ನೇರ ಪ್ಲಾಟ್‌ಫಾರ್ಮಿಗೆ ಬರುವುದು, ಇವನು ಮನೆಯಿಂದ ಬರುವುದು ಎಂದು ಮಾತಾಗಿತ್ತು. ಸಮುದ್ರದ ಕಡೆಗೆ ದಿನಕ್ಕೊಂದೇ ರೈಲು. ಎರಡೂ ಟಿಕೆಟ್ಟುಗಳನ್ನು ಹಿಂದಿನ ದಿನವೇ ಅವನ ಹೊಸ ಕೋಟಿನ ಒಳಜೇಬಿನಲ್ಲಿಟ್ಟು, ಮೇಲಿಂದ ಒಮ್ಮೆ ತಟ್ಟಿದ್ದಳು.

ಮಧ್ಯಾಹ್ನ ಹಲ್ಲಪ್ಪ ಕೋಟು ತೊಟ್ಟು, ಹಜಾರದಲ್ಲಿದ್ದ ಕಂದು ಸೂಟ್‌ಕೇಸನ್ನು ಕೆಳಗಿಳಿಸಿದ. ಊರು ಬಿಟ್ಟು ಬರುವಾಗ ತಂದದ್ದು, ಒಂದು ಚಕ್ರ ಕುಂಟು. ಅದನ್ನು ಗೇಟಿನ ಮುಂದೆ ನಿಲ್ಲಿಸಿದ್ದೇ ತಡ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಶುರುವಾಯಿತು. ಮೇಲಕ್ಕೆ ಓಡಿದ. ಆಫ್ ಆಗಿತ್ತು. ಬಂದದ್ದಕ್ಕೆ ನಲ್ಲಿ ನೋಡಿದ, ಕಿಟಕಿ ನೋಡಿದ, ಬೀಗ ಹಾಕಿ ಜಗ್ಗಿ ನೋಡಿದ. ಕೆಳಗೆ ಬಂದರೆ ಗೇಟಿದೆ, ಸೂಟ್‌ಕೇಸಿಲ್ಲ.

ಆ ಬೀದಿಯ ರೂಢಿ ಆಗ ನೆನಪಾಯಿತು. ಶನಿವಾರ ಮನೆಗೆ ಬೇಡವಾದದ್ದನ್ನು ಗೇಟಿನ ಮುಂದಿಟ್ಟರೆ ಬೇಕಾದವರು ಒಯ್ಯುತ್ತಾರೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಹಲ್ಲಪ್ಪನ ಮನೆಯ ಮೇಜು ಕೂಡ ಹಾಗೇ ಬಂದದ್ದು.

"ನನ್ನ ಸೂಟ್‌ಕೇಸ್ ನೋಡಿದ್ರಾ?" ಎಂದು ನೆಲಮಹಡಿಯ ಕಿಟಕಿಗೆ ಕೇಳಿದ. ಮಾತೆಲ್ಲ ಆ ಊರಿನ ಭಾಷೆಯಲ್ಲೇ ನಡೆಯಿತು. ಹಲ್ಲಪ್ಪನ ಬಾಯಲ್ಲಿ ಆ ಭಾಷೆ ಪಟ್ಟ ಪಾಡನ್ನು ಇಲ್ಲಿ ವರ್ಣಿಸುವುದು ಬೇಡ.

ಆ ಕಿಟಕಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಬ್ಬ ಅಜ್ಜಿ ಕೂತಿರುತ್ತಾಳೆ. ಗಂಡಹೆಂಡತಿ ಅವಳಿಗೆ ಕಿಟಕಿಯಮ್ಮ ಎಂದು ಹೆಸರಿಟ್ಟಿದ್ದರು.

"ಒಳ್ಳೆ ಸಾಮಾನು ಇಟ್ಟಿದ್ರಿ. ಒಂದು ಗಳಿಗೇಲಿ ಖಾಲಿ ಆಯ್ತು ನೋಡಿ!" ಅಂದಳು ಕಿಟಕಿಯಮ್ಮ.

"ಅಯ್ಯೋ, ನಾನು ಕೊಟ್ಟಿದ್ದಲ್ಲ ಅದು!"

"ಗೇಟ್ ಮುಂದೆ ಇಟ್ರಿ, ಬೆನ್ನು ತಿರುಗಿಸಿ ಹೋದ್ರಿ. ಕೊಡೋದು ಅಂದ್ರೆ ಇನ್ನೇನು, ಮೆರವಣಿಗೆ ಮಾಡ್ಬೇಕಾ?"

ಅವಳ ಹೆಗಲ ಮೇಲೆ ತನ್ನ ಹೆಂಡತಿಯ ಹಳದಿ ಶಾಲು ಇರುವುದನ್ನು ಹಲ್ಲಪ್ಪ ಆಗ ನೋಡಿದ. ಹೆಂಡತಿಗೆ ಫೋನ್ ಮಾಡಬಹುದಿತ್ತು. ಏನೆಂದು ಹೇಳುವುದು? ಈ ಸಲದ ಅಡ್ಡಿ ಸೂಟ್‌ಕೇಸು ಎಂದೇ? ಫೋನನ್ನು ಜೇಬಿನಿಂದ ತೆಗೆದು ಮತ್ತೆ ಜೇಬಿಗೇ ಹಾಕಿದ.

ವಿಷಯ ತಿಳಿದ ಕಿಟಕಿಯಮ್ಮ ಶಾಲು ಬಿಚ್ಚಿ ಕೊಟ್ಟಳು. "ಬೆಚ್ಚಗಿತ್ತು" ಅಂದಳು, ಅಷ್ಟೆ. ಹಲ್ಲಪ್ಪನಿಗೆ ಮುಖ ಎತ್ತಲಾಗಲಿಲ್ಲ. ಆಮೇಲೆ ಅವಳೇ ಕೋಲು ಊರಿಕೊಂಡು ಹೊರಗೆ ಬಂದು, "ಬನ್ನಿ, ಯಾರ್ಯಾರು ಏನೇನು ತಗೊಂಡ್ರು ನನಗೆ ಗೊತ್ತು" ಎಂದು ಮುಂದೆ ಹೊರಟಳು. ಕಿಟಕಿಯಮ್ಮ ಕಿಟಕಿ ಬಿಟ್ಟು ಬಂದದ್ದೇ ಬೀದಿಗೆ ದೊಡ್ಡ ಸುದ್ದಿ. ಹಿಂದೆ ನಾಲ್ಕು ಜನ ಸೇರಿದರು. "ಕೊಟ್ಟಿದ್ದನ್ನ ವಾಪಸ್ ಕೇಳ್ತಿದಾನಂತೆ" ಎಂಬ ಮಾತು ಇವರಿಗಿಂತ ಮೊದಲೇ ಮೆಟ್ಟಿಲು ಹತ್ತಿತು. ಯಾರೋ ಒಬ್ಬರು ಗಾಬರಿಯಿಂದ ಒಂದು ಸ್ಟೂಲು ತಂದು, "ಇದನ್ನ ಹೋದ ತಿಂಗಳು ತಗೊಂಡಿದ್ದೆ, ನಿಮ್ಮದಾ?" ಎಂದು ಕೇಳಿಹೋದರು.

ಸೂಟ್‌ಕೇಸು ಮೇಲಿನ ಮಹಡಿಯ ಪಿಯಾನೋ ಟೀಚರ್ ಮನೆಯಲ್ಲಿತ್ತು. ಆಗಲೇ ಅದರೊಳಗೆ ಪಾಠದ ಪುಸ್ತಕ ಜೋಡಿಸಿದ್ದರು. ಬೇಸರದಿಂದಲೇ ಖಾಲಿ ಮಾಡಿಕೊಟ್ಟು, "ಒಳಗೆ ಒಂದು ಅಲಾರಂ ಗಡಿಯಾರ ಇತ್ತು, ಬಾರಿಸಲ್ಲ. ಒಂದು ಛತ್ರಿ ಇತ್ತು, ಬಿಚ್ಚಿಕೊಳ್ಳಲ್ಲ. ಅವೂ ಬೇಕಾ?" ಎಂದರು.

"ಬೇಕು" ಅಂದ ಹಲ್ಲಪ್ಪ. ಸೂರ್ಯ ಹುಟ್ಟುವುದನ್ನು ನೋಡಲು ಎಬ್ಬಿಸಲೆಂದು ಗಡಿಯಾರ ಇಟ್ಟಿದ್ದಾಳೆ! ಮಳೆ ಬಂದರೆ ಇರಲೆಂದು ಛತ್ರಿ ಇಟ್ಟಿದ್ದಾಳೆ! ಎಷ್ಟು ಯೋಚನೆ ಮಾಡಿದ್ದಾಳೆ ಪಾಪ ಅಂದುಕೊಂಡ.

"ಇನ್ನು ನೀಲಿ ಸ್ವೆಟರ್. ಅದು ಬಸ್ ಡ್ರೈವರ್ ಹತ್ರ ಇದೆ, ಬೇಗ ಬನ್ನಿ, ಡ್ಯೂಟಿಗೆ ಹೊರಟ" ಎಂದಳು ಕಿಟಕಿಯಮ್ಮ.

ಆ ಸ್ವೆಟರು ಹಲ್ಲಪ್ಪನ ಪ್ರಾಣ. ಎದೆಯ ಮೇಲೊಂದು, ಮೊಣಕೈಗೊಂದು ತೂತು. ಅದನ್ನು ತೊಟ್ಟಾಗಲೆಲ್ಲ ಬೈಯುತ್ತಿದ್ದ ಹೆಂಡತಿ, ಪ್ರವಾಸಕ್ಕೆ ಹೊರಟಾಗ ಮರೆಯದೆ ಇಟ್ಟಿದ್ದಾಳೆ. ಇಂಥವಳನ್ನು ಇಷ್ಟು ವರ್ಷ ಒಂದು ಸಮುದ್ರಕ್ಕೆ ಕರೆದುಕೊಂಡು ಹೋಗಲಿಲ್ಲವಲ್ಲ ಎಂದು ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು.

ಬೀದಿಯ ತಿರುವಿನಲ್ಲಿ ಡ್ರೈವರು ಬಸ್ಸಿನ ಬಾಗಿಲಲ್ಲಿ ನಿಂತಿದ್ದ, ಮೈಮೇಲೆ ನೀಲಿ ಸ್ವೆಟರು.

"ಕೊಡ್ತೀನಿ ಸ್ವಾಮಿ. ಆದ್ರೆ ಮನೆಗೆ ಹೋಗೋಕೆ ನನಗೆ ಹೊತ್ತಿಲ್ಲ. ಈ ಚಳೀಲಿ ಏನು ಹಾಕ್ಕೊಂಡು ಓಡಿಸ್ಲಿ?" ಎಂದವನ ಕಣ್ಣು ಹಲ್ಲಪ್ಪನ ಹೊಸ ಕೋಟಿನ ಮೇಲೆ ಬಿತ್ತು. "ಅದನ್ನ ಕೊಡಿ, ಇದನ್ನ ತಗೊಳ್ಳಿ."

ಹಲ್ಲಪ್ಪ ಹಿಂದೆಮುಂದೆ ನೋಡಲಿಲ್ಲ. ಹೆಂಡತಿಯ ಪ್ರೀತಿಯ ಮುಂದೆ ಕೋಟು ಯಾವ ಲೆಕ್ಕ? ಬಿಚ್ಚಿ ಕೊಟ್ಟು, ಸ್ವೆಟರು ತೊಟ್ಟೇಬಿಟ್ಟ. ಡ್ರೈವರು ಬಾಯಗಲ ಮಾಡಿ ನಕ್ಕ. ಆ ಮೇಲಿನ ಸಾಲು, ಎಡಗಡೆ ಕೋರೆಹಲ್ಲಿನ ಸಣ್ಣ ಓರೆ, ಎಲ್ಲ ತನ್ನ ಕೈಯ ಕೆಲಸವೇ! ಮೊಟ್ಟಮೊದಲ ಸಲ ಹಲ್ಲಪ್ಪ ತಾನು ಮಾಡಿದ ನಗುವನ್ನು ಕಣ್ಣಾರೆ ಕಂಡ, ಅದೂ ತನ್ನನ್ನೇ ನೋಡಿ ನಗುತ್ತಿದ್ದಾಗ. ಬಸ್ಸು ಹೊರಟುಹೋಯಿತು.

"ಓಡಿ, ರೈಲಿಗೆ ಹೊತ್ತಾಯ್ತು!" ಎಂದು ಇಡೀ ಬೀದಿ ಅವನನ್ನು ಅಟ್ಟಿತು. ಚಳಿಯ ಮಾತು ಬಿಟ್ಟು ಬೇರೆ ಆಡದಿದ್ದ ಜನ ಕೈಬೀಸಿದರು. ಕುಂಟು ಚಕ್ರದ ಸೂಟ್‌ಕೇಸು ಎಳೆಯುತ್ತಾ, ಸಂತೋಷಕ್ಕೋ ಚಳಿಗೋ ಕಣ್ಣಲ್ಲಿ ನೀರು ತುಂಬಿಕೊಂಡು ಹಲ್ಲಪ್ಪ ಓಡಿದ.

ರೈಲು ಇನ್ನೂ ನಿಂತಿತ್ತು. ಹೆಂಡತಿ ಬಾಗಿಲ ಬಳಿ ಕಾಯುತ್ತಿದ್ದಳು, ಪಕ್ಕದಲ್ಲಿ ಹೊಚ್ಚ ಹೊಸ ಸೂಟ್‌ಕೇಸು. ಗಂಡನನ್ನು ನೋಡಿ ಅರಳಿದ ಮುಖ, ಅವನ ಕೈಯಲ್ಲಿದ್ದದ್ದನ್ನು ನೋಡಿ ಹಾಗೇ ನಿಂತಿತು.

"ಇದನ್ನ ಯಾಕ್ರೀ ತಂದ್ರಿ?"

"ಯಾಕೆ ಅಂದ್ರೆ?"

"ಬೆಳಿಗ್ಗೆ ಹೇಳ್ಲಿಲ್ವಾ? ಹೊಸ ಸೂಟ್‌ಕೇಸ್ ನಾನು ತಗೊಂಡು ಹೋಗ್ತೀನಿ, ಹಳೇದ್ರಲ್ಲಿ ಬೇಡದ್ದೆಲ್ಲ ತುಂಬಿದೀನಿ, ಅದನ್ನ ಗೇಟ್ ಮುಂದೆ ಇಟ್ಟು ನೀವು ಟಿಕೆಟ್ ಹಿಡ್ಕೊಂಡು ಬನ್ನಿ, ತಡ ಮಾಡ್ಬೇಡಿ ಅಂತ. ಹೂಂ ಅಂದ್ರಲ್ಲ!"

ಅವಳು ಹೇಳಿದ ಹಾಗೇ ಹಲ್ಲಪ್ಪ ಸೂಟ್‌ಕೇಸನ್ನು ಗೇಟಿನ ಮುಂದೆ ಇಟ್ಟಿದ್ದ. ಅಲ್ಲಿಂದ ಸುಮ್ಮನೆ ನಡೆದು ಬಂದಿದ್ದರೆ ಸಾಕಿತ್ತು.

"ಮತ್ತೆ ನನ್ನ ಸ್ವೆಟರ್?" ಎಂದು ಕ್ಷೀಣವಾಗಿ ಕೇಳಿದ.

"ಅದನ್ನ ಮನೆಯಿಂದ ಆಚೆ ಹಾಕೋಕೇ ಇಷ್ಟೆಲ್ಲ ಮಾಡಿದ್ದು." ಅವಳಿಗೆ ನಗು ತಡೆಯಲಾಗಲಿಲ್ಲ. "ಹೋಗ್ಲಿ ಬಿಡಿ, ಬಂದ್ರಲ್ಲ, ಅಷ್ಟು ಸಾಕು. ಟಿಕೆಟ್ ಕೊಡಿ."

ಹಲ್ಲಪ್ಪ ಎದೆಯ ಮೇಲೆ ಕೈಯಿಟ್ಟ. ಒಳಜೇಬು ಇರಬೇಕಾದ ಕಡೆ ಬೆರಳು ಸ್ವೆಟರಿನ ತೂತಿನೊಳಗೆ ಹೋಯಿತು.

ಟಿಕೆಟ್ಟುಗಳು ಬಸ್ಸಿನಲ್ಲಿ ಊರು ಸುತ್ತುತ್ತಿದ್ದವು. ರೈಲು ಸಮುದ್ರದ ಕಡೆಗೆ ಹೋಯಿತು. ಅದರ ಕೊನೆಯ ಬೋಗಿ ಮರೆಯಾಗುವವರೆಗೂ ಅವಳು ನೋಡಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು, ಬೈಯಲಿಲ್ಲ. ಬೆಂಚಿನ ಮೇಲೆ ಕೂತು, ಹಳೆಯ ಸೂಟ್‌ಕೇಸು ತೆರೆದು ಹಳದಿ ಶಾಲನ್ನು ತೆಗೆದು ಹೊದ್ದುಕೊಂಡಳು. "ಇದನ್ನ ಕೊಡೋಕೆ ನನಗೆ ಮನಸ್ಸೇ ಇರ್ಲಿಲ್ಲ" ಅಂದಳು.

ಪಕ್ಕದ ಹಳಿಯ ಮೇಲೆ ಇನ್ಯಾವುದೋ ರೈಲು ಗಡಗಡಿಸಿ ಬಂತು. ಆ ಸದ್ದಿನಲ್ಲಿ ಅವಳ ಬಾಯಿ ತೆರೆದು ಮುಚ್ಚಿದ್ದು ಹಲ್ಲಪ್ಪನಿಗೆ ಕಂಡಿತು. ಹೂಂ ಎಂಬುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. ಸದ್ದು ಕಡಿಮೆಯಾಗುವವರೆಗೆ ಕಾದು, ಅವಳ ಕಡೆ ಪೂರ್ತಿ ತಿರುಗಿ ಕೂತು ಕೇಳಿದ.

"ಏನಂದೆ? ನನಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಅವಳು ಅವನ ಮುಖವನ್ನೇ ನೋಡಿದಳು.

"ನಾನೇನೂ ಹೇಳ್ಲಿಲ್ಲ ಕಣ್ರೀ" ಅಂದಳು. "ಆಕಳಿಕೆ ಬಂತು."