ಇನ್ನೊಂದು ಸುತ್ತು

ಸಡಿಲವಾದದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದೊಂದು ಒಳ್ಳೆಯ ಗುಣವೆಂದೇ ಬಹಳ ವರ್ಷ ತಿಳಿದಿದ್ದೆ. ನಾನು ಮುಚ್ಚಿದ ಡಬ್ಬಿಯನ್ನು ತೆರೆಯಲು ಮನೆಯ ಗಂಡಸರು ಸರದಿಯಲ್ಲಿ ನಿಲ್ಲಬೇಕು. ನಾನು ಜಡೆ ಹೆಣೆದರೆ ಮಗಳ ಹುಬ್ಬು ಮೇಲಕ್ಕೇರಿ, ಪಾಪ, ಸಂಜೆಯವರೆಗೂ ಆಶ್ಚರ್ಯಪಟ್ಟವಳಂತೆ ಓಡಾಡುತ್ತಾಳೆ. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ದಾರದ ತುದಿಗೆ ಮೂರು ಗಂಟು ಹಾಕಬೇಕೆನ್ನುತ್ತಿದ್ದರು. ನಾನು ನಾಲ್ಕು ಹಾಕಿ ಶಭಾಷ್ ಅನ್ನಿಸಿಕೊಂಡವಳು. ಆ ನಾಲ್ಕನೆಯ ಗಂಟನ್ನು ಯಾರೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ನಮ್ಮ ಯಜಮಾನರದು ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ. ಮೂರು ಕೈ ದಾಟಿ ಬಂದ ಹಳೆಯ ಕಾರೊಂದನ್ನು ಸಾಕಿದ್ದರು. ಭಾನುವಾರ ಗೋಣಿತಾಟು ಹಾಸಿ ಅದರ ಕೆಳಗೆ ಮಲಗುವುದೇ ಅವರ ವಿಶ್ರಾಂತಿ. ಅಂಥದೊಂದು ಭಾನುವಾರ ಎಂಜಿನ್ನಿನ ಹಳೆಯ ಎಣ್ಣೆ ಇಳಿಸಿ, ಎಣ್ಣೆ ತೊಟ್ಟಿಯ ಕೆಳಗಿನ ಬೋಲ್ಟನ್ನು ಮತ್ತೆ ಕೂರಿಸುವಷ್ಟರಲ್ಲಿ ಯಾರೋ ದಲಾಲರು ಬಂದರೆಂದು ಎದ್ದು ಹೋದರು. ನಾನು ಕಾಫಿ ತಂದವಳು ಬಗ್ಗಿ ನೋಡಿದೆ. ಬೋಲ್ಟಿನ ಅಂಚಿನಲ್ಲಿ ಕರಿಯ ಹನಿಯೊಂದು ತೂಗುತ್ತಿತ್ತು. ಸೆರಗು ಸಿಕ್ಕಿಸಿಕೊಂಡು ಒಳಗೆ ಸರಿದೆ, ಸ್ಪ್ಯಾನರ್ ಹಿಡಿದು ತಿರುಗಿಸಿದೆ. ಬಿಗಿಯಾಯಿತು. ಇರಲಿ ಎಂದು ಇನ್ನೊಂದು ಸುತ್ತು. ಆಗ ಕೈಗೆ ಏನೋ ತಪ್ಪಿದಂತಾಗಿ, ಬೋಲ್ಟು ಬೆಣ್ಣೆಯಲ್ಲಿ ಚಮಚ ತಿರುಗಿದಂತೆ ನುಣ್ಣಗೆ ತಿರುಗಿತು. ಎಷ್ಟು ಚೆನ್ನಾಗಿ ಕೂತಿತಲ್ಲ ಎಂದು ಹೊರಗೆ ಬಂದೆ. ಅವರು ಬಂದು ಹೊಸ ಎಣ್ಣೆ ಸುರಿದರು.

ಮರುದಿನ ಮೊದಲನೆಯ ಬಸ್ಸಿಗೆ ನನ್ನ ತಮ್ಮ ಹರಿಹರದಿಂದ ಬಂದ. ಚಪ್ಪಲಿ ಬಿಡುವ ಮೊದಲೇ ಹೇಳಿದ: “ಅಕ್ಕ, ನಿನ್ನೆ ಸಂಜಿಕೆ ಅಪ್ಪ ಹೊಳೆ ಮೆಟ್ಲ ಮ್ಯಾಲೆ ಜಾರಿಬಿದ್ರು. ಸೊಂಟದ ಎಲುಬು ಮುರಿದೈತೆ ಅಂತಾರೆ. ರಾತ್ರಿಯೆಲ್ಲ ಹಲಗಿ ಮ್ಯಾಲೆ ಮಲಗ್ಸೀವಿ. ಬಸ್ಸಿನಾಗೆ ಕೂರ್ಸಕ್ಕಾಗಲ್ಲ. ಭಾವ, ಕಾರು ತಗೀರಿ, ಇಲ್ಲಿ ಆಸ್ಪತ್ರಿಗೆ ತರಬೇಕು.”

ಕಾರಿನ ಕೆಳಗೆ ಎಣ್ಣೆಯೆಲ್ಲ ಮಡುಗಟ್ಟಿ ನಿಂತಿತ್ತು. ಬಾಡಿಗೆ ಕಾರುಗಳೆಲ್ಲ ಮದುವೆ ದಿಬ್ಬಣಗಳಿಗೆ ಹೋಗಿದ್ದವು. ಯಜಮಾನರು ಬೋಲ್ಟಿಗೆ ಹತ್ತಿ ನೂಲು ಸುತ್ತಿ, ಸೋಪು ಮೆತ್ತಿ ಒತ್ತಿದರು. ಹತ್ತಿಯವರಿಗೆ ಎಲ್ಲ ರೋಗಕ್ಕೂ ಹತ್ತಿಯೇ ಮದ್ದು. ಅದು ಜಾರಿ ಅವರ ಎದೆಯ ಮೇಲೆ ಬಿತ್ತು. ತಮ್ಮ ಓಡಿಹೋಗಿ ಮೇಸ್ತ್ರಿ ಖಾದರ್ ಸಾಬರನ್ನು ಕರೆತಂದ.

ಸಾಬರು ಬೋಲ್ಟನ್ನು ಬೆಳಕಿಗೆ ಹಿಡಿದರು. “ಸಾಹುಕಾರ್ರೆ, ತ್ರೆಡ್ಡು, ಈ ಸುರುಳಿ ಗೀರು, ಪೂರಾ ಹೋಗೈತೆ. ಇದು ಸಡ್ಲಾಗಿ ಹೋಗಿದ್ದಲ್ರಿ, ಬಿಗಿಯಾಗಿ ಹೋಗಿದ್ದು. ಯಾರೋ ಭಾಳ ಪ್ರೀತಿಯಿಂದ ತಿರುಗ್ಸ್ಯಾರೆ.”

“ನಾನೇ, ಸಾಬ್ರೆ. ನನ್ ಕೈ ಒರಟು,” ಎಂದರು ಯಜಮಾನರು.

“ಹತ್ತಿ ಅಂಡಿಗಿ ಕಟ್ಟೋ ಕೈಲಿ ಕಾರು ಮುಟ್ಟಬ್ಯಾಡ್ರಿ ಅಂತ ಹೇಳಿದ್ದೆ.”

ನಾನು ಕಂಬ ಹಿಡಿದು ನಿಂತಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. “ಸಾಬ್ರಿಗೆ ಚಾ ಮಾಡ್ಲಾ?” ಎಂಬ ಮಾತು ಹೊರಗೆ ಬಂತು.

ತೂತನ್ನು ತುಸು ದೊಡ್ಡದು ಮಾಡಿ, ಅದರ ಒಳಗೆ ಹೊಸದಾಗಿ ಸುರುಳಿ ಗೀರು ಕೊರೆದು, ದಪ್ಪನೆಯ ಬೋಲ್ಟೊಂದನ್ನು ಲೇತಿನಲ್ಲಿ ಮಾಡಿಸಬೇಕಾಗಿತ್ತು. ಲೋಹದ ಪುಡಿ ಎಂಜಿನ್ನಿಗೆ ಹೋಗದಿರಲೆಂದು ಸಾಬರು ಕೊರೆಯುವ ಉಳಿಗೆ ಗ್ರೀಸು ಬಳಿದರು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ತೆಗೆದು ಒರೆಸುವುದು, ಮತ್ತೆ ಅರ್ಧ ಸುತ್ತು. ಅವರು ಹಿಂದಕ್ಕೆ ತಿರುಗಿಸಿದಾಗಲೆಲ್ಲ ಹಲಗೆಯ ಮೇಲೆ ಮಲಗಿದ್ದ ಅಪ್ಪ ಕಣ್ಣಿಗೆ ಕಟ್ಟುತ್ತಿದ್ದರು. “ಸ್ವಲ್ಪ ಜಲ್ದಿ ಆಗಲ್ಲೇನ್ರಿ?” ಎಂದು ಕೇಳಿದೆ. “ಜಲ್ದಿ ಮಾಡಿದ್ರೆ ಇದೂ ಹೋಗ್ತೈತೆ, ಅಮ್ಮಾರೆ,” ಎಂದರು, ತಲೆಯೆತ್ತದೆ.

ಹರಿಹರ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಅಪ್ಪನ ಕೆಳತುಟಿಯಲ್ಲಿ ಹಲ್ಲೂರಿದ ಗುರುತುಗಳಿದ್ದವು. ನನ್ನನ್ನು ನೋಡಿ, “ಊಟ ಆತೇನವ್ವ?” ಎಂದರು. ಹಿಂದಿನ ಸೀಟಿನಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ರಸ್ತೆಯ ಒಂದೊಂದು ಗುಂಡಿಗೂ ಅವರು ನನ್ನ ಬಳೆಗಳನ್ನು ಬಿಗಿಹಿಡಿಯುತ್ತಿದ್ದರು, ಎರಡು ಒಡೆದವು.

ಅಪ್ಪ ಮತ್ತೆ ನಡೆಯಲಿಲ್ಲ. ಎರಡು ತಿಂಗಳು ಮಲಗಿದ್ದಲ್ಲೇ ಮಲಗಿ ತೀರಿಕೊಂಡರು. ಡಾಕ್ಟರು, “ಬೆಳಿಗ್ಗೇನೆ ತಂದಿದ್ರೂ ಇಷ್ಟೇ ಆಗ್ತಿತ್ತಮ್ಮ,” ಎಂದಿದ್ದರು. ಆ ಅರ್ಧ ದಿನದ ನೋವಿನ ಬಗ್ಗೆ ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾತಾಡಿಸಲು ಬಂದವರಿಗೆಲ್ಲ ಯಜಮಾನರು, “ನನ್ ಕೈಯಿಂದಾನೇ ತಡ ಆತು,” ಎನ್ನುತ್ತಿದ್ದರು. ಪ್ರತಿ ಸಲವೂ ನಾನು ಹೇಳಿಬಿಡಬೇಕೆಂದು ಹೊರಡುತ್ತಿದ್ದೆ. ಅಷ್ಟರಲ್ಲಿ ಯಾರಿಗೋ ನೀರು ಬೇಕಾಗುತ್ತಿತ್ತು.

ಐದು ವರ್ಷಗಳಾದ ಮೇಲೆ, ಮೊನ್ನೆ, ಊಟಕ್ಕೆ ಬಡಿಸುತ್ತ ಹೇಳಿಬಿಟ್ಟೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿತ್ತು ಬಿಡು. ನಾ ಅದನ್ನ ಬೆರಳಲ್ಲಿ ಕೂರ್ಸಿ ಎದ್ದು ಹೋಗಿದ್ದೆ. ಬಂದು ನೋಡಿದ್ರೆ ಸ್ಪ್ಯಾನರೆಲ್ಲ ಒರೆಸಿ, ಸಣ್ಣದರಿಂದ ದೊಡ್ಡದು ಸಾಲಾಗಿಟ್ಟಿತ್ತು. ಈ ಮನ್ಯಾಗೆ ಅಂಥ ಕೆಲ್ಸ ಇನ್ಯಾರು ಮಾಡ್ತಾರೆ?”

“ಮತ್ಯಾಕೆ ನಿಮ್ಮ ಮ್ಯಾಲೆ ಹಾಕ್ಕೊಂಡ್ರಿ?”

“ಅಪ್ಪ ನಿನ್ನೋರಲ್ಲೇನು? ದುಃಖಾನೂ ತಪ್ಪೂ ಎರಡೂ ನಿನಗೇ ಯಾಕ ಅಂತ.”

ಕಾಲು ಮುಟ್ಟಿ ನಮಸ್ಕರಿಸಬೇಕಾದ ಮಾತು. ನಾನು ಮಾಡಿದ್ದೆಂದರೆ, ಎಲ್ಲ ಗೊತ್ತಿದ್ದೂ ಐದು ವರ್ಷ ನನ್ನೊಬ್ಬಳನ್ನೇ ಒಳಗೊಳಗೆ ಕೊರಗಲು ಬಿಟ್ಟರಲ್ಲ ಎಂದು ಸಿಟ್ಟಾಗಿ, ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರೇ ಅಡುಗೆಮನೆಗೆ ಬಂದು, ತಪ್ಪಾಯಿತು ಎಂದರು. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.