ದೆಹಲಿಯ ಮಾತಿಗೆ ಕಡೂರಿನ ಬಾಯಿ

ಎರಡು ಭಾಷೆ ಬರುವವರ ಹಣೆಬರಹವೇ ಇಷ್ಟು ಕಣ್ರೀ. ಯಾರೋ ಆಡಿದ ಮಾತಿಗೆ ಇನ್ಯಾರದೋ ಮುಂದೆ ನಾವು ನಿಂತು ಪೇಚಾಡೋದು ತಪ್ಪೋದೇ ಇಲ್ಲ.

ನಾನು ಕಡೂರಿನ ಒಂದು ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ರಿಟೈರ್ ಆದವಳು. ಇನ್ನು ಹಿತ್ತಲಿನ ಕರಿಬೇವಿಗೆ ನೀರು ಹಾಕ್ಕೊಂಡು ತಣ್ಣಗಿರೋಣ ಅಂದ್ಕೊಂಡಿದ್ದೆ. ಅಷ್ಟರಲ್ಲಿ ನನ್ನ ಹಳೇ ವಿದ್ಯಾರ್ಥಿಯೊಬ್ಬ ಒಂದು ಪಕ್ಷದ ತಾಲ್ಲೂಕು ಅಧ್ಯಕ್ಷನಾಗಿಬಿಟ್ಟ. ಹಿಂದಿ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲ ನನ್ನ ಕಾಲಿಗೆ ಬಿದ್ದು ಪಾಸಾದವನು. ಒಂದು ಬೆಳಿಗ್ಗೆ ಬಂದು ಮತ್ತೆ ಕಾಲಿಗೆ ಬಿದ್ದ.

"ಮೇಡಂ, ಎಲೆಕ್ಷನ್ ಪ್ರಚಾರಕ್ಕೆ ದೆಹಲಿಯಿಂದ ನಮ್ಮ ದೊಡ್ಡ ನಾಯಕರು ಬತ್ತಾರೆ. ಅವರು ಹಿಂದೀಲಿ ಮಾತಾಡ್ತಾರೆ. ನೀವು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳ್ಬೇಕು."

"ನಾನು ಯಾವ ಪಕ್ಷಕ್ಕೂ ಸೇರಿದವಳಲ್ಲ ಕಣೋ."

"ಪಕ್ಷ ಬೇಡ ಮೇಡಂ, ಬಾಯಿ ಕೊಡಿ ಸಾಕು."

ಕೊಟ್ಟೆ. ಅವತ್ತಿನಿಂದ ಶುರುವಾಯ್ತು.

ಬಂದರು

ಮೊದಲ ಸಭೆ ಕಡೂರಿನಲ್ಲೇ. ಹೆಲಿಕಾಪ್ಟರ್ ಇಳಿದ ರಭಸಕ್ಕೆ ಎದ್ದ ಕೆಂಪು ಧೂಳಿನಲ್ಲಿ ಮುಂದಿನ ಸಾಲಿನವರೆಲ್ಲ ಒಂದೇ ಬಣ್ಣದವರಾಗಿ ಕೂತಿದ್ದರು. ನಾಯಕರು ನೋಡಲು ಲಕ್ಷಣವಾಗಿದ್ದರು, ದನಿ ಇನ್ನೂ ಲಕ್ಷಣ. ಕೈಯಲ್ಲಿ ಒಂದು ಚೀಟಿ ಹಿಡಿದುಕೊಂಡು, "ಬಂಧುಗಳೇ, ನಾನು ಗೆದ್ದರೆ ನಿಮ್ಮ ಈ ಊರಿಗೆ ಭವ್ಯವಾದ ಬಂದರು ಕಟ್ಟಿಸ್ತೀನಿ. ಇಲ್ಲಿಂದ ಹಡಗುಗಳು ವಿದೇಶಕ್ಕೆ ಹೊರಡ್ತವೆ," ಅಂತ ಹಿಂದಿಯಲ್ಲಿ ಗುಡುಗಿದರು.

ನಮ್ಮದು ರಾಗಿ ಬೆಳೆಯೋ ಸೀಮೆ. ಮಳೆಗಾಲದಲ್ಲೂ ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡ್ತಾರೆ. ಯಾವುದೋ ಕರಾವಳಿ ಊರಿನ ಚೀಟಿ ಇಲ್ಲಿಗೆ ಬಂದುಬಿಟ್ಟಿದೆ ಅಂತ ಗೊತ್ತಾಯ್ತು. ಅಧ್ಯಕ್ಷನ ಕಡೆ ನೋಡಿದೆ. ಅವನಿಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ, ಆದರೂ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಹೇಳಿದ್ದನ್ನು ಹೇಳೋದಷ್ಟೇ ನನ್ನ ಕೆಲಸ ಅಂತ ಕಣ್ಣು ಮುಚ್ಚಿಕೊಂಡು, "ನಿಮ್ಮ ಊರಿಗೆ ಬಂದರು," ಅಂದೆ. ಹಡಗಿನ ಮಾತನ್ನು ನುಂಗಿಕೊಂಡೆ. ಅಲ್ಲಿಗೇ ನಿಲ್ಲಿಸಿಬಿಟ್ಟೆ. ಜನ ಚಪ್ಪಾಳೆ ತಟ್ಟಿದರು.

ಸಭೆ ಮುಗಿದು ಹೆಲಿಕಾಪ್ಟರ್ ಮೇಲೇರಿತು. ಯಗಟಿ ಬಸ್ಸಿಗೆ ಹೊರಟಿದ್ದ ಕುರಿ ಸಾಕುವ ಅಜ್ಜನೊಬ್ಬ ಕಂಬಳಿಯ ಧೂಳು ಕೊಡವುತ್ತಾ ನನ್ನ ಹತ್ತಿರ ಬಂದ.

"ಅವ್ವಾ, ಅಷ್ಟೊತ್ತು ಕೂಗಾಡಿದ್ರು, ನೀನು ಒಂದೇ ಮಾತಲ್ಲಿ ಮುಗಿಸಿಬಿಟ್ಟೆ. ಏನಂದ್ರು ಅವ್ರು?"

"ಬಂದರು ಅಂದ್ರು ತಾತ."

ಅಜ್ಜ ಆಕಾಶದ ಕಡೆ ನೋಡಿದ. "ಅದು ನಮಗೂ ಕಾಣ್ತು ಬಿಡವ್ವ. ಬಂದರು, ಹೋದರು."

ಮೊಣಕಾಲು

ಆಮೇಲೆ ಹಿರೇನಲ್ಲೂರಿನಲ್ಲಿ ಸಭೆ. ಅಲ್ಲಿ ಸರಿಯಾದ ಚೀಟಿಯೇ ಇತ್ತು. "ಈ ಹೋಬಳಿಗೆ ದೊಡ್ಡ ಆಸ್ಪತ್ರೆ ಬರುತ್ತೆ. ಇಲ್ಲಿನ ತಾಯಂದಿರ ಮೊಣಕಾಲು ನೋವು ಇನ್ನು ನನ್ನ ನೋವು," ಅಂದರು. ಎಷ್ಟು ಭಾವ ತುಂಬಿ ಅಂದರು ಅಂದರೆ, ಕನ್ನಡದಲ್ಲಿ ಹೇಳುವಾಗ ನನ್ನ ಕಣ್ಣಲ್ಲೂ ನೀರು ಬಂತು. ಇಷ್ಟು ಚೆನ್ನಾಗಿ ಮಾತಾಡುವ ಮನುಷ್ಯ ಸುಳ್ಳು ಹೇಳ್ತಾರಾ ಅಂತ ನಾನೂ ನಂಬಿಬಿಟ್ಟೆ.

ನಾಯಕರು ಗೆದ್ದರು. ಸರ್ಕಾರ ಬಂತು. ಆಸ್ಪತ್ರೆ ಬರಲಿಲ್ಲ. ಒಂದು ದಿನ ಯಾರೋ ನಮ್ಮ ಮನೆ ಬಾಗಿಲು ಬಡಿದರು. ಹಿರೇನಲ್ಲೂರಿನ ಒಬ್ಬ ಅಜ್ಜಿ. ಮೆಟ್ಟಿಲು ಹತ್ತಿ ಬಂದ ಸುಸ್ತಿಗೆ ಜಗಲಿಯಲ್ಲೇ ಕೂತು, ಸೀರೆ ಸ್ವಲ್ಪ ಎತ್ತಿ ಕಾಲು ನೀಡಿದಳು.

"ನೋಡು."

"ಏನು ನೋಡ್ಲಿ ಅಜ್ಜಿ?"

"ಮೊಣಕಾಲು. ಅವತ್ತು ಸ್ಟೇಜ್ ಮೇಲೆ ನಿಂತು ವಾಸಿ ಮಾಡಿಸ್ತೀನಿ ಅಂದ್ಯಲ್ಲ."

"ನಾನಲ್ಲಜ್ಜಿ, ನಾಯಕರು ಅಂದಿದ್ದು."

"ಅವನು ಏನಂದನೋ ನಂಗೇನು ಗೊತ್ತು? ಅವನ ಭಾಷೆ ನಂಗೆ ಬರಲ್ಲ. ನನ್ನ ಕಿವಿಗೆ ಬಿದ್ದಿದ್ದು ನಿನ್ನ ಮಾತು. ಕಣ್ಣೀರು ಬೇರೆ ಹಾಕ್ದೆ. ಮಾತು ಕೊಟ್ಟೋಳು ನೀನು ಕಣೇ."

ನ್ಯಾಯವಾಗಿ ಯೋಚಿಸಿದರೆ ಅಜ್ಜಿ ಹೇಳೋದರಲ್ಲಿ ತಪ್ಪೇನಿದೆ? ಅವಳ ಎದುರಿಗೇ ಕೂತು ನಾಯಕರಿಗೆ ಅಚ್ಚ ಹಿಂದಿಯಲ್ಲಿ ಪತ್ರ ಬರೆದೆ. ಆಸ್ಪತ್ರೆ ಯಾವಾಗ, ತಾಯಂದಿರ ನೋವು ತಮ್ಮ ನೋವು ಅಂದಿರಲ್ಲ, ಈಗ ತಮ್ಮ ನೋವು ಹೇಗಿದೆ ಅಂತ ವಿನಯವಾಗಿಯೇ ಕೇಳಿದೆ. ಎರಡು ತಿಂಗಳಿಗೆ ಉತ್ತರ ಬಂತು. ದಪ್ಪ ಲಕೋಟೆ. ಒಳಗೆ "ತಮ್ಮ ಶುಭಾಶಯಕ್ಕೆ ಧನ್ಯವಾದಗಳು" ಅನ್ನೋ ಒಂದು ಸಾಲು, ನಾಯಕರು ಕೈಮುಗಿದು ನಿಂತ ಬಣ್ಣದ ಫೋಟೋ. ಅಷ್ಟೇ.

ನಾಚಿಕೆಯಾಗಿ, ನಾನೇ ಅಜ್ಜಿಯನ್ನು ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಮೂಳೆ ಡಾಕ್ಟರಿಗೆ ತೋರಿಸಿದೆ. ಮಾತ್ರೆ ಕೊಟ್ಟರು, ಎಣ್ಣೆ ಕೊಟ್ಟರು, ನೋವು ಎಷ್ಟೋ ಕಮ್ಮಿಯಾಯ್ತು. ಬರುವಾಗ ದೆಹಲಿಯಿಂದ ಏನು ಬಂತು ಅಂತ ಅಜ್ಜಿ ಕೇಳಿದಳು. ಬ್ಯಾಗಿನಿಂದ ಫೋಟೋ ತೆಗೆದು ಕೊಟ್ಟೆ. ಅಜ್ಜಿ ಹಿಂದೆ ಮುಂದೆ ತಿರುಗಿಸಿ ನೋಡಿ, ಗಂಭೀರವಾಗಿ ಕೇಳಿದಳು:

"ಇದನ್ನ ಹಚ್ಕೊಳ್ಳೋದೋ, ನುಂಗೋದೋ?"

ಎಮ್ಮೆದೊಡ್ಡಿಯ ಕಲ್ಲು

ಇದು ಸಣ್ಣದು. ಎಮ್ಮೆದೊಡ್ಡಿಯ ಕಾವಲಿನ ಹುಲ್ಲುಬಯಲಲ್ಲಿ ಮೇಯುವ ಅಮೃತಮಹಲ್ ದನಗಳಿಗೆ ಅಲ್ಲೇ ಒಂದು ದೊಡ್ಡ ಚಿಕಿತ್ಸಾ ಕೇಂದ್ರ ಕಟ್ಟಿಸ್ತೀನಿ ಅಂತ ನಾಯಕರೇ ಬಂದು ಶಂಕುಸ್ಥಾಪನೆ ಮಾಡಿದ್ದರು. ಹೊಳೆಯುವ ಕಪ್ಪು ಕಲ್ಲು, ಚಿನ್ನದ ಬಣ್ಣದ ಅಕ್ಷರ. "ಈ ಮೂಕ ಪ್ರಾಣಿಗಳಿಗೆ ಸುಖ ಕೊಡದೆ ನಾನು ವಿಶ್ರಮಿಸೋದಿಲ್ಲ," ಅಂದಿದ್ದರು. ಅದನ್ನೂ ಕನ್ನಡ ಮಾಡಿದವಳು ನಾನೇ.

ಮೂರು ವರ್ಷ ಬಿಟ್ಟು, ಆ ಕಡೆ ಒಂದು ಮದುವೆಗೆ ಹೋದಾಗ ದಾರಿಯಲ್ಲಿ ಇಳಿದು ನೋಡಿದೆ. ಕೇಂದ್ರ ಇಲ್ಲ, ಒಂದು ಇಟ್ಟಿಗೆಯೂ ಇಲ್ಲ. ಕಲ್ಲು ಮಾತ್ರ ನೆಟ್ಟಗೆ ನಿಂತಿದೆ. ಉದ್ದ ಕೊಂಬಿನ ಹಸುವೊಂದು ಅದಕ್ಕೆ ಒರಗಿ ಕಣ್ಣು ಅರ್ಧ ಮುಚ್ಚಿಕೊಂಡು ಕತ್ತು ಉಜ್ಜುತ್ತಿದೆ. ಹಿಂದೆ ಇನ್ನೂ ನಾಲ್ಕು ದನ ತಮ್ಮ ಸರದಿಗೆ ಕಾಯ್ತಿವೆ. ನಾಯಕರ ಹೆಸರಂತೂ ಅರ್ಧ ಅಳಿಸಿಹೋಗಿದೆ.

ದನ ಕಾಯುವವನಿಗೆ ಹೇಳಿದೆ, "ನನ್ನಿಂದ ತಪ್ಪಾಯ್ತಪ್ಪ, ಆಗದೇ ಇರೋ ಮಾತನ್ನ ನಿಮಗೆ ಹೇಳಿಬಿಟ್ಟೆ."

"ಯಾಕ್ ಬೇಜಾರು ಮಾಡ್ಕೋತೀರಾ?" ಅಂದ ಅವನು. "ದನಕ್ಕೆ ಸುಖ ಕೊಡ್ತೀನಿ ಅಂದಿದ್ರಲ್ವಾ? ನೋಡ್ರಿ ಅದರ ಮುಖಾನ. ಈ ಕಾವಲಲ್ಲಿ ಕೆರೆತಕ್ಕೆ ಇಂಥ ಕಲ್ಲು ಇನ್ನೊಂದಿಲ್ಲ."

ಕನ್ನಡ ಕಲಿತ ದಿನ

ಮತ್ತೆ ಎಲೆಕ್ಷನ್ ಬಂತು. ಅಧ್ಯಕ್ಷ ಮತ್ತೆ ಕಾಲಿಗೆ ಬಿದ್ದ. "ಸಾಧ್ಯವೇ ಇಲ್ಲ," ಅಂದೆ. "ಇದೊಂದೇ ಸಲ ಮೇಡಂ. ಬೆಳಿಗ್ಗೆ ತರೀಕೆರೆ, ಮಧ್ಯಾಹ್ನ ಅಜ್ಜಂಪುರ, ಮುಗೀತು," ಅಂದ. "ಸರಿ, ಆದರೆ ಒಂದಕ್ಷರ ಹೆಚ್ಚು ಕಮ್ಮಿ ಮಾಡದೆ, ಅವರು ಹೇಳಿದ್ದನ್ನು ಹೇಳಿದ ಹಾಗೇ ಹೇಳ್ತೀನಿ," ಅಂತ ಷರತ್ತು ಹಾಕಿ ಹೊರಟೆ.

ತರೀಕೆರೆಯಲ್ಲಿ ನಾಯಕರು ಬಂದವರೇ ತೋಳು ಮೇಲೆತ್ತಿ ಹಿಂದಿಯಲ್ಲಿ ಕೇಳಿದರು, "ಹೇಳಿ, ನಾನು ಕೊಟ್ಟ ಮಾತು ಉಳಿಸಿಕೊಂಡೆನೋ ಇಲ್ಲವೋ?" ನಾನು ಒಂದಕ್ಷರ ಬಿಡದೆ ಕನ್ನಡದಲ್ಲಿ ಕೇಳಿದೆ.

ಇಡೀ ಮೈದಾನ ಒಂದೇ ಉಸಿರಿನಲ್ಲಿ ಕೂಗಿತು: "ಇಲ್ಲಾ!"

ಅಂಥ ಕೂಗನ್ನು ನಾನು ಕೇಳಿರಲಿಲ್ಲ. ಹಿಂದಿನ ಮರದ ಕಾಗೆಗಳೆಲ್ಲ ಹಾರಿಹೋದವು. ನಾಯಕರ ಮುಖ ಮಾತ್ರ ಅರಳಿತು. ನನ್ನ ಕಡೆ ಬಗ್ಗಿ, ಇಷ್ಟು ಉತ್ಸಾಹದಿಂದ ಕೂಗ್ತಿದ್ದಾರಲ್ಲ, 'ಇಲ್ಲಾ' ಅಂದರೇನು ಅಂತ ಕೇಳಿದರು. ನಾನು ಬಾಯಿ ತೆರೆಯೋದರೊಳಗೆ ಅಧ್ಯಕ್ಷ ನಡುವೆ ನುಗ್ಗಿದ. ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು. ತನ್ನ ಡುಮ್ಕಿ ಹಿಂದಿಯಲ್ಲಿ, "ಇಲ್ಲಾ ಅಂದರೆ ಹೌದು ಸಾಹೇಬ್ರೇ! ಪಕ್ಕಾ ಹೌದು!" ಅಂದುಬಿಟ್ಟ.

ಅಷ್ಟು ವರ್ಷ ತಪ್ಪು ಉತ್ತರಕ್ಕೆಲ್ಲ ಕೆಂಪು ಗೆರೆ ಎಳೆದವಳು ನಾನು. ಅವತ್ತು ಅವನ ಮುಖ ನೋಡಿ ಪೆನ್ನು ಎತ್ತಲಿಲ್ಲ.

ಅಜ್ಜಂಪುರದ ದಾರಿಯುದ್ದಕ್ಕೂ ಕಾರಿನಲ್ಲಿ ನಾಯಕರಿಗೆ ಒಂದೇ ಹುರುಪು. ಜನರ ಜೊತೆ ನೇರವಾಗಿ ಕನ್ನಡದಲ್ಲೇ ಮಾತಾಡ್ತೀನಿ, ಮೂರು ಪ್ರಶ್ನೆ ಕಲಿಸಿಕೊಡಿ ಅಂದರು. ಕಲಿಸಿದೆ. ಒಳ್ಳೆಯ ವಿದ್ಯಾರ್ಥಿ, ಉಚ್ಚಾರಣೆ ಶುದ್ಧ. ಉತ್ತರ ಮಾತ್ರ ನನ್ನನ್ನು ಕೇಳಲಿಲ್ಲ. ಅದು ಅವರಿಗೆ ಆಗಲೇ ಬರುತ್ತಿತ್ತು.

ಅಜ್ಜಂಪುರದ ವೇದಿಕೆ ಹತ್ತಿ ನನ್ನ ಮೈಕನ್ನು ಮೃದುವಾಗಿ ಪಕ್ಕಕ್ಕೆ ಸರಿಸಿದರು.

"ಅಜ್ಜಂಪುರದ ಬಂಧುಗಳೇ! ನಾನು ಕೊಟ್ಟ ಮಾತು ಉಳಿಸಿಕೊಂಡಿದ್ದೀನಾ?" ಜನ ಬಾಯಿ ತೆರೆಯುವ ಮೊದಲೇ ಮುಷ್ಟಿ ಎತ್ತಿ ತಾವೇ ಕೂಗಿದರು: "ಇಲ್ಲಾ!"

ಜನ ಮುಖ ಮುಖ ನೋಡಿಕೊಂಡರು. ಆಮೇಲೆ ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು.

"ಇನ್ನು ಮುಂದೆ ಉಳಿಸಿಕೊಳ್ತೀನಾ?" ನಾಯಕರು ಎದೆ ಮುಟ್ಟಿಕೊಂಡರು. "ಇಲ್ಲಾ!"

ಈಗ ಚಪ್ಪಾಳೆ, ಕೇಕೆ. ಟವೆಲ್‌ಗಳು ಮೇಲಕ್ಕೆ ಹಾರಿದವು. ಅಧ್ಯಕ್ಷ ವೇದಿಕೆಯ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತುಬಿಟ್ಟ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದೆ.

"ನಿಮಗೆ ನನ್ನ ಮೇಲೆ ನಂಬಿಕೆ ಇದೆಯಾ?"

ಈ ಸಲ ಅವರೂ ಜನರೂ ಒಟ್ಟಿಗೇ ಕೂಗಿದರು: "ಇಲ್ಲಾ!"

ನಾಯಕರ ಕಣ್ಣು ತುಂಬಿ ಬಂತು. ಇಷ್ಟು ಪ್ರೀತಿ ತಮಗೆ ಯಾವ ರಾಜ್ಯದಲ್ಲೂ ಸಿಕ್ಕಿಲ್ಲ ಅಂತ ಹಿಂದಿಯಲ್ಲಿ ನನಗೆ ಹೇಳಿ, ಕೈಮುಗಿಯುತ್ತಾ ಕಾರು ಹತ್ತಿದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ರೈತರೊಬ್ಬರು ಎದ್ದು ಬಂದು, ತಲೆ ಹಿಡಿದು ಕೂತಿದ್ದ ಅಧ್ಯಕ್ಷನ ಬೆನ್ನು ತಟ್ಟಿದರು.

"ಯಾಕ್ಲೇ ಅಳ್ತೀಯಾ? ನಾನು ಎಷ್ಟು ಎಲೆಕ್ಷನ್ ನೋಡಿದೀನೋ ಲೆಕ್ಕ ಇಲ್ಲ. ಎದುರಿಗೆ ನಿಂತು ನಿಜ ಹೇಳಿದ ಲೀಡರ್‌ನ ನೋಡಿದ್ದು ಇವತ್ತೇ ಕಣೋ. ನನ್ನ ವೋಟು ಅವನಿಗೇ!"