ಇಂಗ್ಲೆಂಡಿನ ಗಂಟೆ, ನಮ್ಮತ್ತೆಯ ಮಂಗಳಾರತಿ

ಗಂಡುಹುಡುಗರ ಶಾಲೆಯಲ್ಲಿ ಪಾಠ ಮಾಡುವವರಿಗೆ ನಗಲು ಬೇರೆ ಬಿಡುವು ಬೇಕಿಲ್ಲ, ಅದು ಕೆಲಸದ ಜೊತೆಗೇ ಬರುತ್ತದೆ. ಮಲೇಷ್ಯಾದ ಪೆಟಾಲಿಂಗ್ ಜಯಾದ ಇಂಥದೊಂದು ಶಾಲೆಯಲ್ಲಿ ನಾನು ಗಣಿತದ ಟೀಚರ್. ಕೊರೋನಾ ಬಂದು ಶಾಲೆಗೆ ಬೀಗ ಬಿದ್ದಾಗ, ಇನ್ನು ಈ ತಮಾಷೆಗಳೆಲ್ಲ ನಿಂತವು ಅಂದುಕೊಂಡೆ. ಎಲ್ಲಿ ನಿಲ್ಲುತ್ತವೆ? ಲ್ಯಾಪ್‌ಟಾಪ್ ಹಿಡಿದುಕೊಂಡು ಸೀದಾ ನಮ್ಮ ಮನೆಗೇ ಬಂದವು.

ಚಳಿ

ನಮ್ಮ ಹೆಡ್‌ಮಾಸ್ಟರ್ ಇಂಗ್ಲೆಂಡಿನವರು. ಮೀಸೆ ಚಿಗುರುವ ವಯಸ್ಸಿನಲ್ಲಿ ಮಲೇಷ್ಯಾಕ್ಕೆ ಬಂದು ಇಲ್ಲೇ ನೆಲೆನಿಂತವರು. ಅಲ್ಲಿ ತಾವು ಓದಿದ ಗಂಡುಮಕ್ಕಳ ಶಾಲೆಯಲ್ಲಿ ಏನೇನಿತ್ತೋ ಅದೆಲ್ಲ ತಮ್ಮ ಶಾಲೆಯಲ್ಲೂ ಇರಬೇಕೆಂದು ಅವರ ಹಟ. ಹಾಗಾಗಿ ಬೆವರು ಸುರಿಯುವ ಈ ಊರಿನಲ್ಲಿ ನಮ್ಮ ಹುಡುಗರಿಗೆ ಉಣ್ಣೆಯ ಕೋಟು. ಹೆಡ್‌ಮಾಸ್ಟರ ಕೋಣೆಯಲ್ಲಿ ಗೋಡೆಯೊಳಗೆ ಕಟ್ಟಿಸಿದ ಅಗ್ಗಿಷ್ಟಿಕೆ.

ಲಾಕ್‌ಡೌನ್ ಶುರುವಾದಾಗ ಅವರು ಶಾಲೆಯ ಆವರಣದಲ್ಲೇ ಒಬ್ಬರೇ ಉಳಿದರು. ಬೆಳಗಿನ ಪ್ರಾರ್ಥನೆಗೆ ಪರದೆಯ ಮೇಲೆ ಕೂತಾಗ ಬೆನ್ನ ಹಿಂದೆ ಬೆಂಕಿ ಉರಿಯುತ್ತಿದ್ದರೆ ಮಕ್ಕಳಿಗೆ ಧೈರ್ಯ ಬರುತ್ತದೆ ಅನ್ನಿಸಿತಂತೆ. ಏಸಿಯನ್ನು ಎಷ್ಟು ಇಳಿಯುತ್ತದೋ ಅಷ್ಟು ಇಳಿಸಿ, ಸೌದೆ ಹೊತ್ತಿಸಿದರು. ಅಗ್ಗಿಷ್ಟಿಕೆ ಕಟ್ಟಿದ ಮೇಸ್ತ್ರಿ ಅದು ಅಲಂಕಾರಕ್ಕೆ ಅಂದುಕೊಂಡು ಹೊಗೆಗೂಡನ್ನೇ ಕಟ್ಟಿರಲಿಲ್ಲ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಪರದೆಯ ಮೇಲೆ ಹೊಗೆ ಬಿಟ್ಟು ಇನ್ನೇನೂ ಇರಲಿಲ್ಲ, ಹೆಡ್‌ಮಾಸ್ಟರ ಕೆಮ್ಮು ಮಾತ್ರ ಕೇಳುತ್ತಿತ್ತು.

ಕಿಟಕಿಯಲ್ಲಿ ಕೂತು ಬೇಸರ ಕಳೆಯುತ್ತಿದ್ದ ಅಕ್ಕಪಕ್ಕದವರು ಕೂಡಲೇ ಬೊಂಬಾಗೆ, ಅಂದರೆ ಇಲ್ಲಿನ ಅಗ್ನಿಶಾಮಕ ದಳಕ್ಕೆ, ಫೋನ್ ಮಾಡಿದರು. ಬಾಗಿಲು ತಳ್ಳಿಕೊಂಡು ಬಂದ ಅಧಿಕಾರಿ ಉರಿಯುವ ಸೌದೆ ನೋಡಿದ, ಜೋರಾಗಿ ಓಡುತ್ತಿದ್ದ ಏಸಿ ನೋಡಿದ, ಉಣ್ಣೆ ಕೋಟಿನ ಮುದುಕರನ್ನು ನೋಡಿದ. ಆಮೇಲೆ ಬಹಳ ಕನಿಕರದಿಂದ, ಇಲ್ಲಿಯವರು ಮಾತಿನ ಕೊನೆಗೆ ಹಚ್ಚುವ 'ಲಾ' ಸೇರಿಸಿ ಹೇಳಿದ: "ಅಂಕಲ್, ಚಳಿ ಆದ್ರೆ ಏಸಿ ಆಫ್ ಮಾಡಿ ಲಾ!"

ಬೂಟು

ನಮ್ಮತ್ತೆ ಮೈಸೂರಿನಿಂದ ಮಗನ ಮನೆ ನೋಡಿಕೊಂಡು ಹೋಗಲು ಬಂದವರು, ವಿಮಾನ ನಿಂತು ಇಲ್ಲೇ ಸಿಕ್ಕಿಬಿದ್ದಿದ್ದರು. ಹೊರಗೆ ಹೋಗುವಂತಿಲ್ಲ, ಮಾತಾಡಲು ಜನವಿಲ್ಲ. ಅವರಿಗೆ ಉಳಿದ ಮನರಂಜನೆಯೆಂದರೆ ನನ್ನ ಕ್ಲಾಸು.

ದಿನಾ ಬೆಳಿಗ್ಗೆ ಹುಡುಗರ ಬೂಟಿಗೆ ಪಾಲಿಷ್ ಆಗಿದೆಯೋ ಇಲ್ಲವೋ ನೋಡುವುದು ನಮ್ಮ ಶಾಲೆಯ ಪದ್ಧತಿ. ಅದೂ ಇಂಗ್ಲೆಂಡಿನಿಂದ ಬಂದದ್ದೇ. ಆನ್‌ಲೈನ್ ಆದರೂ ತಪ್ಪಿಸಬಾರದು ಎಂದು ಹೆಡ್‌ಮಾಸ್ಟರ ಆಜ್ಞೆ.

"ಟೀಚರ್, ಶೂಸ್ ಔಟ್‌ಸೈಡ್ ಲಾ, ಮಮ್ಮಿ ವಿಲ್ ಸ್ಕೋಲ್ಡ್," ಎಂದು ಒಬ್ಬ ಗೊಣಗಿದ. ಇಲ್ಲಿ ಯಾರ ಮನೆಯಲ್ಲೂ ಬೂಟು ಹೊಸ್ತಿಲು ದಾಟುವುದಿಲ್ಲ. ನಾನು ಕೇಳಲಿಲ್ಲ. ಎಲ್ಲರೂ ಓಡಿಹೋಗಿ ತಂದರು, ಕ್ಯಾಮೆರಾಕ್ಕೆ ಸರಿಯಾಗಿ ಕಾಣಲಿ ಎಂದು ಕೈಯಲ್ಲಿ ಹಿಡಿದು ಮೇಲೆತ್ತಿದರು.

ಅದೇ ಹೊತ್ತಿಗೆ ಅತ್ತೆ ನನಗೆ ಕಾಫಿ ತಂದರು. ಪರದೆ ತುಂಬ ಹುಡುಗರು, ಒಬ್ಬೊಬ್ಬನ ಕೈಯಲ್ಲೂ ಒಂದೊಂದು ಬೂಟು. ಅತ್ತೆ ಲೋಟ ಅಲ್ಲೇ ಇಟ್ಟು ಎದೆ ಹಿಡಿದುಕೊಂಡರು.

"ಅಯ್ಯೋ, ಅಂಥಾದ್ದೇನೇ ಪಾಠ ಮಾಡಿದೆ? ಕ್ಲಾಸಿಗೆ ಕ್ಲಾಸೇ ಚಪ್ಪಲಿ ಎತ್ತಿದೆಯಲ್ಲೇ!"

ಗಂಟೆ

ಹೆಡ್‌ಮಾಸ್ಟರ ಮೇಜಿನ ಮೇಲೆ ಒಂದು ಹಿತ್ತಾಳೆಯ ಕೈಗಂಟೆ. "ನನ್ನ ಹಳೆಯ ಶಾಲೆಯದು," ಎಂದಷ್ಟೇ ಹೇಳುತ್ತಿದ್ದರು, ಯಾರು ಕೊಟ್ಟದ್ದು ಎಂದು ನಾವೂ ಕೇಳಲಿಲ್ಲ. ಅದನ್ನು ಬಾರಿಸಿದರೆ ಹುಡುಗರು ಇದ್ದಲ್ಲೇ ಸೆಟೆದು ನಿಲ್ಲಬೇಕು. ಬಾಯಲ್ಲಿ ತುತ್ತಿದ್ದರೂ ಸರಿ. ವರ್ಷಗಟ್ಟಲೆ ಹೀಗೆ ಪಳಗಿದ ಹುಡುಗರಿಗೆ ಗಂಟೆ ಕೇಳಿದರೆ ಸಾಕು, ತಲೆಗಿಂತ ಮೊದಲೇ ಕಾಲಿಗೆ ಗೊತ್ತಾಗುತ್ತಿತ್ತು.

ಒಂದು ದಿನ ನಾನು ಪೈಥಾಗೊರಸ್ ಪ್ರಮೇಯದ ಮಧ್ಯದಲ್ಲಿದ್ದೆ. ಅತ್ತೆ ಪಕ್ಕದ ಕೋಣೆಯಲ್ಲಿ ಪೂಜೆ ಮುಗಿಸಿ ಮಂಗಳಾರತಿಯ ಗಂಟೆ ಬಾರಿಸಿದರು. ಪರದೆಯ ಮೇಲೆ ಇಡೀ ಕ್ಲಾಸು ದಡಬಡನೆ ಎದ್ದು ನಿಂತಿತು. ಮೇಲೆ ಉಣ್ಣೆಯ ಕೋಟು, ಟೈ. ಕೆಳಗೆ ಒಬ್ಬನದು ಫುಟ್ಬಾಲ್ ಚಡ್ಡಿ, ಒಬ್ಬನದು ಅಪ್ಪನ ಲುಂಗಿ. ಕೂರಿ ಅಂದರೆ ಕೂರುತ್ತಿಲ್ಲ, ಗಂಟೆ ಇನ್ನೂ ನಿಂತಿಲ್ಲವಲ್ಲ!

ಬಗ್ಗಿ ನೋಡಿದ ಅತ್ತೆ ಕರಗಿಹೋದರು. "ಎಷ್ಟು ಭಕ್ತಿ ನೋಡೇ ಈ ಮಕ್ಕಳಿಗೆ! ನಿನ್ನ ಗಂಡ ಒಂದಿನ ಎದ್ದಿದ್ದಾನಾ?"

ಆ ಋಣ ತೀರಿಸಬೇಕು ಅನ್ನಿಸಿತೋ ಏನೋ, ಮರುದಿನದಿಂದ ಬೆಳಗಿನ ಪ್ರಾರ್ಥನೆಗೆ ಲ್ಯಾಪ್‌ಟಾಪಿನಲ್ಲಿ ಹೆಡ್‌ಮಾಸ್ಟರ ಗಂಟೆ ಕೇಳಿದ ಕೂಡಲೇ ಅತ್ತೆ ಒಲೆಯ ಉರಿ ಸಣ್ಣ ಮಾಡಿ ಬಂದು, ಪರದೆಗೆ ಕೈ ಮುಗಿದು ಹೋಗತೊಡಗಿದರು. ಹೆಡ್‌ಮಾಸ್ಟರೂ ಅಲ್ಲಿಂದಲೇ ಗಂಭೀರವಾಗಿ ತಲೆ ಬಾಗಿಸುತ್ತಿದ್ದರು. ತಮ್ಮ ಶಿಸ್ತಿಗೆ ಮನೆಯ ಹಿರಿಯರಿಂದ ಇಷ್ಟು ಗೌರವ ಹಿಂದೆಂದೂ ಸಿಕ್ಕಿರಲಿಲ್ಲ ಎಂದು ನನಗೆ ಹೇಳಿದರು. ಅದು ಮಂಗಳಾರತಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಬೀಳ್ಕೊಡುಗೆ

ಹೀಗಿರುವಾಗ ಒಂದು ಬೆಳಿಗ್ಗೆ ಹೆಡ್‌ಮಾಸ್ಟರ್ ನನಗೊಬ್ಬಳಿಗೇ ಕರೆ ಮಾಡಿದರು. ಮುಖ ಇಳಿದುಹೋಗಿತ್ತು. ಇಂಗ್ಲೆಂಡಿನ ಅವರ ಶಾಲೆ ಮುಚ್ಚುತ್ತಿದೆಯಂತೆ. ಮೊದಲೇ ಹುಡುಗರು ಕಮ್ಮಿಯಾಗಿದ್ದರು, ಕೊರೋನಾ ಬಂದ ಮೇಲೆ ನಡೆಸಲು ಆಗಲೇ ಇಲ್ಲ. ಕೊನೆಯ ಸಭೆ ವಿಡಿಯೋದಲ್ಲಿ.

"ನನ್ನ ಮೇಷ್ಟ್ರು ಇನ್ನೂ ಇದ್ದಾರೆ, ಅವರೂ ಬರುತ್ತಾರೆ," ಎಂದರು. "ನೀನು ಯಾವುದಕ್ಕೂ ಬಾರದವನು ಅಂತ ನನಗೆ ಹೇಳಿದವರು. ಅವರು ಒಂದು ಸಲ ನನ್ನ ಶಾಲೆ ನೋಡಬೇಕು, ಟೀಚರ್. ಯಾವ ಎಡವಟ್ಟೂ ಆಗಬಾರದು."

ಎಪ್ಪತ್ತು ದಾಟಿದ ಮನುಷ್ಯ ಹಾಗೆ ಕೇಳಿದಾಗ ಇಲ್ಲ ಅನ್ನುವುದು ಹೇಗೆ? ಗಂಡ ಸಾಫ್ಟ್‌ವೇರಿನವನಾದ್ದರಿಂದ ನನಗೂ ಕಂಪ್ಯೂಟರ್ ಬರುತ್ತದೆ ಎಂದು ಶಾಲೆಯಲ್ಲಿ ಎಲ್ಲರ ನಂಬಿಕೆ. ಆಗಲಿ ಸರ್ ಎಂದೆ.

ಸಭೆಯ ಹೊತ್ತು ಅಲ್ಲಿ ಮಧ್ಯಾಹ್ನ, ಇಲ್ಲಿ ದೀಪ ಹಚ್ಚುವ ಸಮಯ. ನಮ್ಮ ಹುಡುಗರೆಲ್ಲ ಕೋಟು, ಟೈ, ಈ ಸಲ ಪ್ಯಾಂಟು ಕೂಡ ಹಾಕಿ ತಂತಮ್ಮ ಮನೆಗಳಿಂದ ಕೂತಿದ್ದರು. ಆ ಕಡೆ ಹಳೆಯ ವಿದ್ಯಾರ್ಥಿಗಳು, ಅವರ ನಡುವಿನ ಚೌಕದಲ್ಲಿ ಗಾಲಿಕುರ್ಚಿಯ ಮೇಲೆ ಹಣ್ಣುಹಣ್ಣು ಮೇಷ್ಟ್ರು.

ಅಲ್ಲಿನ ಹೆಡ್‌ಮಾಸ್ಟರ್ ಶಾಲೆಯ ಚರಿತ್ರೆ ಓದಿದರು. ಕುದುರೆ ಲಾಯದ ಮೇಲಿನ ಅಟ್ಟದಲ್ಲಿ ಶುರುವಾದ ಶಾಲೆಯಂತೆ. ಕೆಳಗೆ ಕುದುರೆಗಳ ಗಲಾಟೆ, ಮೇಲೆ ಹುಡುಗರ ಗಲಾಟೆ. ಎರಡನ್ನೂ ಅಡಗಿಸಲು ಒಂದು ಹಿತ್ತಾಳೆಯ ಗಂಟೆ ತಂದರಂತೆ. ನಮ್ಮ ಹೆಡ್‌ಮಾಸ್ಟರ್ ಹೆಮ್ಮೆಯಿಂದ ತಲೆಯಾಡಿಸುತ್ತಿದ್ದರು.

"ಆ ಗಂಟೆ ಒಂದು ಬೇಸಿಗೆ ರಜೆಯ ಹಿಂದಿನ ದಿನ ಮಾಯವಾಯಿತು," ಎಂದು ಅಲ್ಲಿನ ಹೆಡ್‌ಮಾಸ್ಟರ್ ಮುಂದುವರಿಸಿದರು. "ಕೊಳದ ನೀರು ಖಾಲಿ ಮಾಡಿಸಿ ಹುಡುಕಿದರು. ಪಾಪ, ಅಡುಗೆಯವನನ್ನೂ ಅನುಮಾನಿಸಿದರು. ಕದ್ದವರು ಯಾರೆಂದು ಇಂದಿಗೂ ತಿಳಿದಿಲ್ಲ."

ನಮ್ಮ ಹೆಡ್‌ಮಾಸ್ಟರ ತಲೆ ನಿಂತಿತು. ಮುಖ ಕೆಂಪಾಗಿ, ಕಿವಿ ಕೆಂಪಾಗಿ, ಕಣ್ಣು ಮಾತ್ರ ನೇರ ಕ್ಯಾಮೆರಾದ ಮೇಲೆ. ಒಂದು ಕೈ ಮೆಲ್ಲಗೆ ಮೇಜಿನ ಮೇಲೆ ಸರಿದು ಗಂಟೆಯನ್ನು ಡ್ರಾಯರಿನ ಕಡೆಗೆ ಎಳೆಯುತ್ತಿತ್ತು. ನನಗೆ ಎಲ್ಲ ಅರ್ಥವಾಯಿತು. ಅವರ ಧ್ವನಿ ಬಂದ್ ಮಾಡೋಣ ಎಂದು ಅವಸರದಲ್ಲಿ ಗುಂಡಿ ಒತ್ತಿದೆ. ಬಂದ್ ಆದದ್ದು ನನ್ನ ಧ್ವನಿ.

ಢಣ್!

ನಮ್ಮ ಹುಡುಗರು ಒಬ್ಬರೂ ಬಿಡದೆ ಎದ್ದು ನಿಂತರು. ನನ್ನ ಹಿಂದಿನಿಂದ ಅತ್ತೆ ಬಂದು ಇಂಗ್ಲೆಂಡಿಗೆ ಕೈ ಮುಗಿದರು.

"ಆ ಸದ್ದು ನನಗೆ ಗೊತ್ತು," ಎಂದಿತು ಗಾಲಿಕುರ್ಚಿಯ ದನಿ. "ಯಾರದು?"

ನಮ್ಮ ಹೆಡ್‌ಮಾಸ್ಟರ್ ಎದ್ದು ನಿಂತರು. ಕೈ ಬೆನ್ನ ಹಿಂದೆ. "ನಾನು, ಸರ್."

"ಅಂದುಕೊಂಡೇ ಇದ್ದೆ."

"ಗಡಿ ತೆರೆದ ಕೂಡಲೇ ತಂದುಕೊಡುತ್ತೇನೆ, ಸರ್."

"ಯಾವ ಶಾಲೆಗೆ ತರುತ್ತೀಯ? ಇವತ್ತಿಗೆ ಮುಗಿಯಿತಲ್ಲ." ಮುದುಕರು ಕನ್ನಡಕ ಸರಿಮಾಡಿಕೊಂಡರು. "ಅಲ್ಲಿ ನಿಂತಿರುವವರು ಯಾರು?"

"ನನ್ನ ಹುಡುಗರು, ಸರ್."

"ಗಂಟೆ ಕೇಳಿದರೆ ನಿಲ್ಲುತ್ತಾರೋ?"

"ನಿಲ್ಲುತ್ತಾರೆ, ಸರ್."

"ಹಾಗಾದರೆ ಅಲ್ಲೇ ಇರಲಿ. ಈಗ ಬಾರಿಸು, ನಮ್ಮ ಶಾಲೆಯನ್ನು ಮುಗಿಸೋಣ."

ಅವರು ಬಾರಿಸಿದರು. ಇಂಗ್ಲೆಂಡಿನ ಆ ಮುದುಕರೆಲ್ಲ ತಂತಮ್ಮ ಮನೆಗಳಲ್ಲಿ ಎದ್ದು ನಿಂತರು. ನಾನು ಗಳಗಳನೆ ಅತ್ತುಬಿಟ್ಟೆ. ಪುಣ್ಯಕ್ಕೆ ನನ್ನ ಧ್ವನಿ ಬಂದ್ ಆಗಿತ್ತು.

ಸದ್ದು ಅಡಗಿದ ಮೇಲೆ ಮೇಷ್ಟ್ರು ಬೆರಳೆತ್ತಿದರು. "ಆದರೆ ಕದ್ದದ್ದು ಕದ್ದದ್ದೇ. ಇನ್ನು ಗಂಟೆ ಕದಿಯುವುದಿಲ್ಲ ಅಂತ ನೂರು ಸಲ ಇಂಪೊಸಿಷನ್ ಬರಿ. ನಾಳೆ ತೋರಿಸು."

ಕರೆ ಮುಗಿದ ಮೇಲೆ ಅತ್ತೆಗೆ ವಿಷಯ ಹೇಳಿದೆ. ಕೆನ್ನೆ ಕೆನ್ನೆ ಬಡಿದುಕೊಂಡರು. "ರಾಮ ರಾಮಾ! ಇಷ್ಟು ದಿನ ಕದ್ದ ಮಾಲಿಗೆ ಕೈ ಮುಗಿದೆನೇನೇ?"

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಎಲ್ಲರೂ ಕಾದು ಕೂತೆವು. ಗಂಟೆಯಿಲ್ಲ. ಪರದೆಯ ಮೇಲೆ ಹೆಡ್‌ಮಾಸ್ಟರ ಬೋಳುತಲೆಯಷ್ಟೇ ಕಾಣುತ್ತಿತ್ತು. ಬಗ್ಗಿ ಸರಸರನೆ ಬರೆಯುತ್ತಿದ್ದರು, ನಾಲಿಗೆ ತುದಿ ಹೊರಗೆ. ಹುಡುಗರು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಅಡುಗೆಮನೆಯಿಂದ ಅತ್ತೆ ಕೂಗಿದರು. "ಏನೇ, ಇವತ್ತು ಗಂಟೆ ಇಲ್ವಾ?"

"ಹೆಡ್‌ಮಾಸ್ಟರ್ ಇನ್ನೂ ಇಂಪೊಸಿಷನ್ ಬರೀತಿದಾರೆ ಅತ್ತೆ."

"ಅಯ್ಯೋ ಪಾಪ, ಬರೀಲಿ ಬಿಡು. ಅದಕ್ಕೆ ಮಕ್ಕಳ ಪ್ರಾರ್ಥನೆ ಯಾಕೆ ತಪ್ಪಬೇಕು?" ಎನ್ನುತ್ತಾ ಅತ್ತೆ ದೇವರ ಮುಂದಿನ ಗಂಟೆಯನ್ನೇ ಹಿಡಿದುಕೊಂಡು ಬಂದು, ನನ್ನ ಭುಜದ ಮೇಲಿಂದ ಬಗ್ಗಿ ಲ್ಯಾಪ್‌ಟಾಪಿಗೆ ಗಣಗಣ ಬಾರಿಸಿದರು.

ಹುಡುಗರು ಎದ್ದರು. ಅವರೆಲ್ಲರಿಗಿಂತ ಮೊದಲು, ಕೈಯಲ್ಲಿ ಪೆನ್ನು ಹಿಡಿದುಕೊಂಡೇ ಹೆಡ್‌ಮಾಸ್ಟರ್ ಸೆಟೆದು ನಿಂತು ಕೂಗಿದರು: "ಎಸ್ ಸರ್! ಇನ್ನೇನು ಮುಗೀತು ಸರ್!"